ಕಲ್ಲಿದ್ದಲೂ ಬಿಸಿಲೇ, ಗಾಳಿಯೂ ಬಿಸಿಲೇ: ಹಾಗಾದರೆ ವ್ಯತ್ಯಾಸ ಎಲ್ಲಿ?

ಪ್ರಶ್ನೆ:
ಮೇಡಂ, ನಮಸ್ಕಾರ. ನೀವು ವಿದ್ಯುತ್ ಉತ್ಪಾದನೆಯಲ್ಲೇ ಕೆಲಸ ಮಾಡುವವರು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನನಗೂ ನನ್ನ ಗೆಳೆಯನಿಗೂ ಎರಡು ದಿನದಿಂದ ವಾದ ನಡೆದಿದೆ. ಅವನು ಹೇಳುವುದು ಇಷ್ಟು: "ಕಲ್ಲಿದ್ದಲು, ಪೆಟ್ರೋಲ್ ಬಂದಿದ್ದು ಸೂರ್ಯನಿಂದ. ಗಾಳಿ, ನೀರು, ಸೋಲಾರ್ ಕೂಡ ಸೂರ್ಯನಿಂದಲೇ. ಎಲ್ಲಾ ಒಂದೇ ತಾಯಿಯ ಮಕ್ಕಳು ಅಂದ ಮೇಲೆ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅಂತ ಯಾಕೆ ಹೇಳುತ್ತೀರಿ?" ನನಗೆ ಉತ್ತರ ಹೊಳೆಯಲಿಲ್ಲ. ಅವನು ಹೇಳೋದು ನಿಜವಾ?

ಉತ್ತರ:
ನಮಸ್ಕಾರ. ನಿಮ್ಮ ಗೆಳೆಯರ ಮಾತಿನ ಮೊದಲ ಅರ್ಧ ಪೂರ್ತಿ ನಿಜ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

ಒಂದು ಎಲೆಯಿಂದ ಶುರು ಮಾಡುತ್ತೇನೆ. ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ. ಬೇರಿನಿಂದ ನೀರು ಬರುತ್ತದೆ. ಬಿಸಿಲಿನ ಬಲದಿಂದ ಎಲೆ ಇವೆರಡನ್ನೂ ಸೇರಿಸಿ ಸಕ್ಕರೆ ಕಟ್ಟುತ್ತದೆ. ಶಾಲೆಯಲ್ಲಿ ದ್ಯುತಿಸಂಶ್ಲೇಷಣೆ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ ಇದು. ಆ ಕೆಲಸಕ್ಕೆ ಹಿಡಿದ ಬಿಸಿಲು ಕಳೆದುಹೋಗಿಲ್ಲ. ಸಕ್ಕರೆಯೊಳಗೆ, ಮರದ ನಾರಿನೊಳಗೆ ಕೂತಿದೆ. ಸೌದೆ ಉರಿಸಿದಾಗ ಹೊರಗೆ ಬರುವ ಬಿಸಿ ಅದೇ.

ಸಾಮಾನ್ಯವಾಗಿ ಮರ ಸತ್ತರೆ ಗೆದ್ದಲು, ಅಣಬೆ, ಬ್ಯಾಕ್ಟೀರಿಯಾ ಸೇರಿ ಅದನ್ನು ತಿಂದು ಮುಗಿಸುತ್ತವೆ. ಇಂಗಾಲ ಗಾಳಿಗೆ ವಾಪಸ್. ಆದರೆ ಸುಮಾರು 36 ಕೋಟಿಯಿಂದ 30 ಕೋಟಿ ವರ್ಷಗಳ ಹಿಂದೆ ದೊಡ್ಡ ದೊಡ್ಡ ಜೌಗು ಕಾಡುಗಳಿದ್ದವು. ಅಲ್ಲಿ ಸತ್ತ ಮರಗಳು ನಿಂತ ನೀರಿನೊಳಗೆ ಮುಳುಗಿದವು. ಆಮ್ಲಜನಕ ಇಲ್ಲದ ಕಡೆ ಕೊಳೆಯುವುದು ಬಹಳ ನಿಧಾನ. ಅದರ ಮೇಲೆ ಇನ್ನಷ್ಟು ಮರ, ಕೆಸರು, ಮಣ್ಣು ಬಿದ್ದು ಭಾರ ಹೆಚ್ಚಿತು, ಬಿಸಿ ಹೆಚ್ಚಿತು. ಮರ ಕಲ್ಲಿದ್ದಲಾಯಿತು. ಎಲ್ಲಾ ಕಲ್ಲಿದ್ದಲೂ ಅದೇ ಕಾಲದ್ದಲ್ಲ, ಆದರೆ ಜಗತ್ತಿನ ಬಹಳಷ್ಟು ಹಳೆಯ ಕಲ್ಲಿದ್ದಲು ಹುಟ್ಟಿದ್ದು ಹೀಗೆ.

ಪೆಟ್ರೋಲಿಯಂ ಕಥೆ ಸಮುದ್ರದ್ದು. ಸುಮಾರು ಜನ ಅದು ಡೈನೋಸಾರ್‌ಗಳಿಂದ ಬಂತು ಅಂದುಕೊಂಡಿದ್ದಾರೆ. ಅಲ್ಲ. ನೀರಲ್ಲಿ ತೇಲುತ್ತಾ ಬಿಸಿಲು ಹಿಡಿಯುತ್ತಿದ್ದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಅವನ್ನು ತಿಂದು ಬದುಕಿದ ಸಣ್ಣ ಜೀವಿಗಳು, ಇವೆಲ್ಲ ತಳಕ್ಕೆ ಇಳಿದು ಕೆಸರಿನಲ್ಲಿ ಹೂತುಹೋದವು. ನೆಲದಾಳದಲ್ಲಿ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಲಕ್ಷಾಂತರ ವರ್ಷ ಬೆಂದು ಎಣ್ಣೆಯಾದವು. ಇನ್ನೂ ಜಾಸ್ತಿ ಬೆಂದದ್ದು ಗ್ಯಾಸ್ ಆಯಿತು.

ಈಗ ನಿಮ್ಮ ಗೆಳೆಯರು ಬಿಟ್ಟುಬಿಟ್ಟ ವಿಷಯಕ್ಕೆ ಬರುತ್ತೇನೆ. ಸಮಯ. ಜೆಫ್ರಿ ಡ್ಯೂಕ್ಸ್ ಎಂಬ ಪರಿಸರ ವಿಜ್ಞಾನಿ 2003ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಹೂತುಹೋದ ಜೀವರಾಶಿಯಲ್ಲಿ ಎಣ್ಣೆಯಾಗಿ ನಮ್ಮ ಕೈಗೆ ಸಿಗುವುದು ತೀರಾ ಸ್ವಲ್ಪ. ಹಾಗಾಗಿ ಒಂದು ಲೀಟರ್ ಪೆಟ್ರೋಲ್‌ನ ಹಿಂದೆ ಸುಮಾರು 23 ಟನ್ ಪ್ರಾಚೀನ ಸಸ್ಯರಾಶಿ ಇದೆ. ಅವರ ಇನ್ನೊಂದು ಲೆಕ್ಕ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. 1997ರಲ್ಲಿ ಜಗತ್ತು ಉರಿಸಿದ ಪಳೆಯುಳಿಕೆ ಇಂಧನಕ್ಕೆ, ಅಂದರೆ ಕಲ್ಲಿದ್ದಲು, ಎಣ್ಣೆ, ಗ್ಯಾಸ್‌ಗೆ, ಹಿಂದೆ ಹೂತ ಜೀವರಾಶಿ ಎಷ್ಟು ಗೊತ್ತಾ? ಈಗ ಇಡೀ ಭೂಮಿಯ ಗಿಡಗಳು, ಪಾಚಿಗಳು 400 ವರ್ಷಕ್ಕೂ ಹೆಚ್ಚು ಕಾಲ ಬೆಳೆಯುವಷ್ಟು. ಅದು ಒಂದೇ ವರ್ಷದ ಖರ್ಚು.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತಾರಲ್ಲ. ಸೋಲಾರ್, ಗಾಳಿ, ನೀರು ಇವೆಲ್ಲ ಸೂರ್ಯ ಇವತ್ತು ಕೊಟ್ಟದ್ದು. ಕಲ್ಲಿದ್ದಲು, ಎಣ್ಣೆ ಕುಡಿಕೆಯ ಹೊನ್ನು.

ಅದೇ ಸದಸ್ಯರು:
ಗಾಳಿಯೂ ನೀರೂ ಬಿಸಿಲೇ ಅನ್ನೋದು ಇನ್ನೂ ಸರಿಯಾಗಿ ತಲೆಗೆ ಹೋಗಲಿಲ್ಲ ಮೇಡಂ.

ಉತ್ತರ:
ಗಾಳಿಯದ್ದು ಸುಲಭ. ಭೂಮಿಯ ನಡುಭಾಗಕ್ಕೆ ಬಿಸಿಲು ನೇರ, ಧ್ರುವಗಳಿಗೆ ಓರೆ. ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ಕಾದ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗ ತುಂಬಲು ಪಕ್ಕದ ಗಾಳಿ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ಅದರ ದಾರಿ ಬಾಗುತ್ತದೆ. ಅಷ್ಟೇ.

ನೀರಿನ ಲೆಕ್ಕ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಲೀಟರ್ ನೀರು ಆವಿಯಾಗಲು ಸೂರ್ಯ ಸುಮಾರು 2,400 ಕಿಲೋಜೂಲ್ ಶಕ್ತಿ ಖರ್ಚು ಮಾಡಬೇಕು. ಆ ಆವಿ ಮೋಡವಾಗಿ, ಮಳೆಯಾಗಿ, ಎತ್ತರದ ಅಣೆಕಟ್ಟಿಗೆ ಬಂತು ಅಂದುಕೊಳ್ಳಿ. ಅಲ್ಲಿಂದ 100 ಮೀಟರ್ ಕೆಳಗಿರುವ ಟರ್ಬೈನ್‌ಗೆ ಆ ಒಂದು ಲೀಟರ್ ಬಿದ್ದರೆ ಸಿಗುವುದು ಹತ್ತಿರ ಹತ್ತಿರ 1 ಕಿಲೋಜೂಲ್. 2,400 ಹಾಕಿ 1 ತೆಗೆದಂತಾಯಿತು! ಉಳಿದದ್ದು ಎಲ್ಲಿ ಹೋಯಿತು? ಆವಿ ಮತ್ತೆ ಹನಿಯಾಗುವಾಗ ಅಷ್ಟೂ ಬಿಸಿ ಮೇಲಿನ ಗಾಳಿಗೆ ಸೇರುತ್ತದೆ. ಗುಡುಗು ಮಳೆಯ ಮೋಡ ಅಷ್ಟು ಎತ್ತರಕ್ಕೆ ಉಬ್ಬುವುದು, ಚಂಡಮಾರುತಕ್ಕೆ ಅಷ್ಟು ಬಲ ಬರುವುದು ಆ ಬಿಸಿಯಿಂದಲೇ.

ಇಷ್ಟೆಲ್ಲಾ ಸೋರಿದರೂ ಜಲವಿದ್ಯುತ್ ನಮಗೆ ಅಗ್ಗ ಅನ್ನಿಸುತ್ತದೆ. ಯಾಕೆ ಅಂದರೆ ನೀರು ಮೇಲೆತ್ತುವ ಖರ್ಚು ಪೂರ್ತಿ ಸೂರ್ಯನದ್ದು.

ಇನ್ನೊಬ್ಬ ಸದಸ್ಯರು:
ಹಾಗಾದರೆ ಸೂರ್ಯನ ಸಂಬಂಧವೇ ಇಲ್ಲದ ಶಕ್ತಿ ಯಾವುದೂ ಇಲ್ವಾ?

ಉತ್ತರ:
ಇದೆ, ಕೆಲವೇ ಕೆಲವು. ಅಣು ವಿದ್ಯುತ್‌ಗೆ ಬೇಕಾದ ಯುರೇನಿಯಂ ನಮ್ಮ ಸೂರ್ಯ ಹುಟ್ಟುವ ಮೊದಲೇ ಬೇರೆ ನಕ್ಷತ್ರಗಳ ಸಾವಿನಲ್ಲಿ ಆದದ್ದು. ಭೂಮಿಯೊಳಗಿನ ಬಿಸಿ ಭೂಮಿ ಹುಟ್ಟಿದಾಗಿನದ್ದು ಒಂದಿಷ್ಟು, ಒಳಗಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಕ್ಷಯಿಸುವುದರಿಂದ ಒಂದಿಷ್ಟು. ಸಮುದ್ರದ ಉಬ್ಬರವಿಳಿತ ಮುಖ್ಯವಾಗಿ ಚಂದ್ರನ ಸೆಳೆತ. ಅಲ್ಲೂ ಸೂರ್ಯನ ಪಾಲಿದೆ, ಆದರೆ ಬೆಳಕಿನಿಂದ ಅಲ್ಲ, ಸೆಳೆತದಿಂದ. ಚಂದ್ರನದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಮತ್ತೊಬ್ಬ ಸದಸ್ಯೆ:
ಅಕ್ಕಾ, ಸೌದೆ ಉರಿಸಿದರೂ ಇಂಗಾಲದ ಡೈಆಕ್ಸೈಡ್ ಬರುತ್ತೆ, ಕಲ್ಲಿದ್ದಲು ಉರಿಸಿದರೂ ಅದೇ ಬರುತ್ತೆ. ಗಾಳಿಗೆ ಹಳೆಯದು ಹೊಸದು ಅಂತ ಏನು ಗೊತ್ತು?

ಉತ್ತರ:
ಒಳ್ಳೆಯ ಪ್ರಶ್ನೆ ತಂಗಿ. ಅಣು ಅದೇ, ಭೂಮಿಯನ್ನು ಬಿಸಿ ಮಾಡುವುದೂ ಅಷ್ಟೇ. ವ್ಯತ್ಯಾಸ ಲೆಕ್ಕದ ಪುಸ್ತಕದಲ್ಲಿದೆ. ಈಗಿನ ಮರದಲ್ಲಿರುವ ಇಂಗಾಲ ಕೆಲವು ವರ್ಷಗಳ ಹಿಂದೆ ಗಾಳಿಯಲ್ಲೇ ಇತ್ತು. ಉರಿಸಿದರೆ ವಾಪಸ್ ಹೋಗುತ್ತದೆ, ಅದೇ ಜಾಗದಲ್ಲಿ ಇನ್ನೊಂದು ಮರ ಬೆಳೆದರೆ ಮತ್ತೆ ಇಳಿದು ಬರುತ್ತದೆ. ಮರ ಬೆಳೆಸದೆ ಸುಮ್ನೆ ಕಡಿಯುತ್ತಾ ಹೋದರೆ ಸೌದೆಯೂ ತಪ್ಪೇ, ಅದನ್ನು ಮರೆಯಬಾರದು. ಕಲ್ಲಿದ್ದಲಿನ ಇಂಗಾಲ ಮಾತ್ರ ಕೋಟ್ಯಂತರ ವರ್ಷದಿಂದ ಈ ಸುತ್ತಿನಲ್ಲಿ ಇರಲೇ ಇಲ್ಲ. ನಾವೇ ಅಗೆದು ಹೊಸದಾಗಿ ಸೇರಿಸುತ್ತಿದ್ದೇವೆ.

ಹಳೆಯದು ಹೊಸದು ಗುರುತಿಸಲು ಗುರುತೂ ಇದೆ. ಅಂತರಿಕ್ಷದ ಕಿರಣಗಳು ವಾತಾವರಣದ ಮೇಲ್ಭಾಗಕ್ಕೆ ಬಡಿದು ಇಂಗಾಲ-14 ಅನ್ನುವ ವಿಕಿರಣಶೀಲ ಇಂಗಾಲ ಹುಟ್ಟುತ್ತಲೇ ಇರುತ್ತದೆ. ಬದುಕಿರುವ ಎಲ್ಲದರಲ್ಲೂ ಅದು ಚೂರು ಇರುತ್ತದೆ. ಜೀವ ಹೋದ ಮೇಲೆ ಅದು 5,730 ವರ್ಷಕ್ಕೆ ಅರ್ಧ ಆಗುತ್ತದೆ. ಕಲ್ಲಿದ್ದಲು, ಎಣ್ಣೆಯಲ್ಲಿ ಅದು ಎಂದೋ ಮುಗಿದುಹೋಗಿದೆ. 1955ರಲ್ಲಿ ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ ಮರದ ಉಂಗುರಗಳಲ್ಲಿ ಒಂದು ವಿಷಯ ತೋರಿಸಿದರು. ಕೈಗಾರಿಕೆಗಳು ಬಂದ ನಂತರ ಬೆಳೆದ ಉಂಗುರಗಳಲ್ಲಿ ಇಂಗಾಲ-14ರ ಪಾಲು ಕಡಿಮೆಯಾಗಿತ್ತು. ಹಳೆಯ ಇಂಗಾಲ ಗಾಳಿಗೆ ಬೆರೆತು ಹೊಸದನ್ನು ತೆಳು ಮಾಡಿತ್ತು. ಮರಗಳೇ ಸಾಕ್ಷಿ ಬರೆದಿಟ್ಟಿದ್ದವು.

ಕೈಗಾರಿಕೆಗಳ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280 ಇಂಗಾಲದ ಡೈಆಕ್ಸೈಡ್ ಇದ್ದವು. ಈಗ 420 ದಾಟಿದೆ. ಕುಡಿಕೆ ಖಾಲಿಯಾಗುತ್ತೆ ಅನ್ನೋದಕ್ಕಿಂತ ನನಗೆ ಭಯ ಇರುವುದು ಇದರದ್ದೇ. ಕುಡಿಕೆ ಖಾಲಿಯಾಗುವ ಎಷ್ಟೋ ಮೊದಲೇ ಮನೆ ಕಾದುಹೋಗುತ್ತದೆ.

ಮೊದಲು ಕೇಳಿದ ಸದಸ್ಯರು:
ಗೆಳೆಯನಿಗೆ ಇದನ್ನೆಲ್ಲ ಓದಿಸಿದೆ. ಒಪ್ಪಿದ. ಆದರೆ ಒಂದು ಮಾತು ಹೇಳಿದ: "ಕಲ್ಲಿದ್ದಲು ರಾತ್ರಿಯೂ ಉರಿಯುತ್ತೆ, ಸೋಲಾರ್ ಸಂಜೆ ಆರಕ್ಕೆ ಮಲಗುತ್ತೆ." ಇದಕ್ಕೇನು ಹೇಳಲಿ?

ಉತ್ತರ:
ಅವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಬಿಸಿಲು ಹಿಡಿಯುವುದರಲ್ಲಿ ಗಿಡಕ್ಕಿಂತ ಪ್ಯಾನೆಲ್ ಬಹಳ ಮುಂದೆ. ಹೊಲದ ಬೆಳೆಗಳು ಸಾಮಾನ್ಯವಾಗಿ ತಮ್ಮ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡಾ 1ರಷ್ಟೂ ಕೂಡಿಡುವುದಿಲ್ಲ. ಈಗಿನ ಸಿಲಿಕಾನ್ ಪ್ಯಾನೆಲ್ ಶೇಕಡಾ 20ಕ್ಕೂ ಹೆಚ್ಚನ್ನು ವಿದ್ಯುತ್ ಮಾಡುತ್ತದೆ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಆದ, ಕೆಲಸಕ್ಕೆ ಬರುವಂಥ ಮೊದಲ ಸಿಲಿಕಾನ್ ಸೋಲಾರ್ ಸೆಲ್ ಮಾಡಿದ್ದು ಶೇಕಡಾ 6 ಅಷ್ಟೇ. ಆದರೆ ಕೂಡಿಡುವುದರಲ್ಲಿ ಮರಕ್ಕೆ ಸರಿಸಾಟಿ ಇಲ್ಲ. ಮೂವತ್ತು ಕೋಟಿ ವರ್ಷ ಇಟ್ಟರೂ ಕೆಡದ ಡಬ್ಬಿ ಅದು. ನಾವು ಕಲ್ಲಿದ್ದಲನ್ನು ಇಷ್ಟು ನೆಚ್ಚಿಕೊಂಡಿದ್ದು ಅದಕ್ಕೇ, ಅಲ್ವಾ?

ನನ್ನ ದಿನದ ಕೆಲಸ ಆ ಡಬ್ಬಿ ಹುಡುಕುವುದೇ. ಕೆಲವು ಗಂಟೆಗಳಿಗೆ ಬ್ಯಾಟರಿ ಇದೆ. ಜಾಸ್ತಿ ಹೊತ್ತಿಗೆ ನನಗೆ ನಂಬಿಕೆ ಇರುವುದು ಒಂದು ಹಳೆಯ ಉಪಾಯದ ಮೇಲೆ. ಬೆಟ್ಟದ ಮೇಲೊಂದು ಕೆರೆ, ಕೆಳಗೊಂದು ಕೆರೆ. ಹಗಲು ಮಿಕ್ಕ ಸೋಲಾರ್ ವಿದ್ಯುತ್‌ನಿಂದ ನೀರನ್ನು ಮೇಲಕ್ಕೆ ಪಂಪ್ ಮಾಡುತ್ತೇವೆ. ರಾತ್ರಿ ಅದೇ ನೀರನ್ನು ಟರ್ಬೈನ್ ಮೇಲೆ ಇಳಿಸುತ್ತೇವೆ. ಮೋಡ ಮಾಡುವ ಕೆಲಸವನ್ನೇ ಇಲ್ಲಿ ಪಂಪ್ ಮಾಡುತ್ತದೆ. ಮೋಡದ ದಾರಿಯಲ್ಲಿ 2,400ಕ್ಕೆ 1 ಸಿಕ್ಕಿತ್ತು. ಇಲ್ಲಿ 100 ಯೂನಿಟ್ ವಿದ್ಯುತ್ ಹಾಕಿದರೆ 70ರಿಂದ 80 ಯೂನಿಟ್ ವಾಪಸ್ ಬರುತ್ತದೆ. ನಿಮ್ಮ ಗೆಳೆಯರಿಗೆ ಈ ಲೆಕ್ಕ ಕೊಡಿ. ಮುಂದಿನ ಪ್ರಶ್ನೆ ಇದ್ದರೆ ಅವರೇ ಇಲ್ಲಿ ಬಂದು ಕೇಳಲಿ, ಖಂಡಿತ ಉತ್ತರ ಬರೆಯುತ್ತೇನೆ.