ಶಂಖದಲ್ಲಿ ಮೇಲಿನ ಸ್ವರ ನಿಲ್ಲುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ದೊಡ್ಡ ಟ್ರೈಟನ್ ಶಂಖ ಊದುವುದನ್ನು ಕಲಿಯುತ್ತಿದ್ದೇನೆ. ತುದಿ ಕತ್ತರಿಸಿ ಮಾಡಿದ ತೂತು ಸುಮಾರು 14 ಮಿಲಿಮೀಟರ್ ಇದೆ. ಅಂಚನ್ನು ನಯವಾಗಿ ಉಜ್ಜಿದ್ದೇನೆ. ಕೆಳಗಿನ ಸ್ವರ ಈಗ ತುಂಬಾ ಚೆನ್ನಾಗಿ ಬರುತ್ತದೆ. ಊದುವಾಗ ಚಿಪ್ಪು ಅಂಗೈಯಲ್ಲೇ ನಡುಗುತ್ತದೆ, ಆ ಖುಷಿನೇ ಬೇರೆ! ಅಗಲ ಬಾಯಿಯೊಳಗೆ ಕೈ ತೂರಿಸಿದರೆ ಸ್ವರ ಇಳಿಯುತ್ತದೆ ಅನ್ನೋದೂ ಗೊತ್ತಾಯಿತು.

ತೊಂದರೆ ಇರೋದು ಮೇಲಿನ ಸ್ವರದಲ್ಲಿ. ಜಪಾನಿನಲ್ಲಿ ‘ಹೊರಗೈ’ ಅನ್ನೋ ಶಂಖವಾದ್ಯ ಊದುವವರು ಇದೇ ಜಾತಿಯ ಒಂದೇ ಚಿಪ್ಪಿನಿಂದ ಮೂರು ನಾಲ್ಕು ಸ್ವರ ತೆಗೆಯುತ್ತಾರೆ. ಹಿಂದೆ ಯುದ್ಧಭೂಮಿಯಲ್ಲಿ ಸಂಕೇತ ಕೊಡುತ್ತಿದ್ದದ್ದೂ ಇದರಿಂದಲೇ. ನನಗೆ ಎರಡನೆಯದೇ ನಿಲ್ಲುತ್ತಿಲ್ಲ. ತುಟಿ ಬಿಗಿ ಮಾಡಿ ನೋಡಿದೆ, ಉಸಿರು ಜೋರು ಮಾಡಿದೆ. ಅರೆಕ್ಷಣ ಮೇಲೆ ಹಾರಿ ಮತ್ತೆ ಕೆಳಗೇ ಬೀಳುತ್ತದೆ. ಜಾಸ್ತಿ ಹೊತ್ತು ಊದಿದರೆ ತುಟಿ ಮರಗಟ್ಟುತ್ತದೆ, ಬರೀ ಗಾಳಿ ಸದ್ದು.

ಹೊರಗೈಗೆ ತುದಿಯಲ್ಲಿ ಮರದ ಅಥವಾ ಲೋಹದ ಊದುಕೊಳವೆ ಕೂರಿಸಿರುತ್ತಾರೆ, ನನ್ನದರಲ್ಲಿ ಅದಿಲ್ಲ. ತೂತು ಒಮ್ಮೆ ದೊಡ್ಡದಾದರೆ ಮತ್ತೆ ಚಿಕ್ಕದು ಮಾಡೋಕೆ ಆಗಲ್ಲ ಅಲ್ವಾ, ಅದಕ್ಕೇ ಚಿಪ್ಪು ಮುಟ್ಟೋಕೆ ಭಯ.

ಊದಿ ಅನುಭವ ಇರುವವರು ದಯವಿಟ್ಟು ಹೇಳಿ: ಊದುಕೊಳವೆ ಇಲ್ಲದೆ ಎರಡನೇ ಸ್ವರವನ್ನು ಹಿಡಿದು ನಿಲ್ಲಿಸಬಹುದಾ? ಆಗುತ್ತದೆ ಅಂದರೆ ತುಟಿಗೆ ಯಾವ ಅಭ್ಯಾಸ ಮಾಡಬೇಕು?