ಮನೆಗೆ ಒಂದೋ ಎರಡೋ ಮಕ್ಕಳು, ಆದರೂ ಜನಸಂಖ್ಯೆ ಏರುತ್ತಲೇ ಇದೆ. ಇದು ಹೇಗೆ?

ಕೊಪ್ಪದ ಅಡಿಕೆ (ಪ್ರಶ್ನೆ)

ಅಜ್ಜನ ಹೆಸರಲ್ಲೇ ಉಳಿದಿದ್ದ ತೋಟದ ಪೌತಿ ಖಾತೆಗೆ ವಂಶವೃಕ್ಷ ಬರೆಸುತ್ತಿದ್ದೆ. ಅಜ್ಜನಿಗೆ ಒಂಬತ್ತು ಮಕ್ಕಳು. ಅದರಲ್ಲಿ ಮೂರು ಹೆಸರಿನ ಮುಂದೆ ‘ಬಾಲ್ಯದಲ್ಲೇ ಮೃತ’ ಅಂತ ಬರೆಯಬೇಕಾಯಿತು. ಒಂದಕ್ಕಂತೂ ಹೆಸರೇ ಇಟ್ಟಿರಲಿಲ್ಲವಂತೆ, ‘ಗಂಡು ಮಗು’ ಅಂತಷ್ಟೇ ಬರೆಸಿದೆವು. ಅಪ್ಪನಿಗೆ ನಾವು ಮೂವರು. ನಮ್ಮ ಮೂವರಿಗೂ ಸೇರಿ ಈಗ ಮಕ್ಕಳು ನಾಲ್ಕು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2001ರ ಜನಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ 11.41 ಲಕ್ಷ ಜನ ಇದ್ದರು. 2011ಕ್ಕೆ ಅದು 11.38 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಒಂದು ಕಡೆ ‘ಜನ ಜಾಸ್ತಿಯಾದರು’ ಅನ್ನುತ್ತಾರೆ, ಇನ್ನೊಂದು ಕಡೆ ‘ಇನ್ನೂ ಮಕ್ಕಳು ಬೇಕು’ ಅನ್ನುತ್ತಾರೆ. ಯಾವುದನ್ನು ನಂಬೋದು ಮಾರಾಯ್ರೆ? ದುಡ್ಡು ಬಂದರೆ ಮಕ್ಕಳು ಕಡಿಮೆಯಾಗುತ್ತಾರೆ ಅನ್ನೋದು ನಿಜವಾ?

ನಿವೃತ್ತ ನರ್ಸಮ್ಮ

ದುಡ್ಡಿನ ಮಾತು ಆಮೇಲೆ. ನಿಮ್ಮ ವಂಶವೃಕ್ಷದ ಆ ಮೂರು ಹೆಸರು ಇದೆಯಲ್ಲ, ಮೊದಲು ಅದನ್ನು ನೋಡಿ.

ನಾನು ಎಎನ್‌ಎಂ (ಹಳ್ಳಿಯ ಆರೋಗ್ಯ ಕಾರ್ಯಕರ್ತೆ) ಆಗಿ ಕೆಲಸ ಶುರು ಮಾಡಿದ್ದು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅರ್ಹ ದಂಪತಿಗಳ, ಅಂದರೆ ಮಕ್ಕಳಾಗುವ ವಯಸ್ಸಿನ ಗಂಡ ಹೆಂಡತಿಯರ, ರಿಜಿಸ್ಟರ್ ಅಂತ ಇರುತ್ತಿತ್ತು. ಮನೆಮನೆಗೆ ಹೋಗಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು, ಅದರಲ್ಲಿ ಗಂಡೆಷ್ಟು ಹೆಣ್ಣೆಷ್ಟು ಅಂತ ಬರೆದುಕೊಳ್ಳಬೇಕು. ಹೆತ್ತ ಮಕ್ಕಳ ಲೆಕ್ಕಕ್ಕೂ ಬದುಕಿರುವವರ ಲೆಕ್ಕಕ್ಕೂ ತಾಳೆ ಆಗುವ ಮನೆ ಕಡಿಮೆ. ಅದನ್ನು ಕೇಳುವಾಗ ತಾಯಂದಿರ ಮುಖ ನೋಡೋಕೆ ಆಗುತ್ತಿರಲಿಲ್ಲ. ಮಕ್ಕಳಾಗದ ಹಾಗೆ ಆಪರೇಶನ್ ಮಾಡಿಸಿಕೊಳ್ಳಿ ಅಂದರೆ, ‘ಎರಡು ಗಂಡು ಉಳೀಲಿ ತಡೀರಿ ಅಕ್ಕಾರ, ಆಮ್ಯಾಗ ನೋಡೂನು’ ಅನ್ನೋರು. ಅವರೇನು ದಡ್ಡರಲ್ಲ. ಎಷ್ಟು ಉಳಿಯುತ್ತವೆ ಅಂತ ಗೊತ್ತಿಲ್ಲದ ಮೇಲೆ ನಾಲ್ಕು ಜಾಸ್ತಿ ಹೆರೋದೇ ಲೆಕ್ಕ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಬಂತು.

1985ರಿಂದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಬಂತು. ದಡಾರಕ್ಕೆ ಸೂಜಿ, ವಾಂತಿಭೇದಿಗೆ ಓಆರ್‌ಎಸ್ ಪೊಟ್ಟಣ. ಮಕ್ಕಳು ಉಳಿಯತೊಡಗಿದವು. ಆಮೇಲಾಮೇಲೆ ನಾನು ಹೋಗಿ ಕರೆಯೋದು ಬಿಡಿ, ಮೂರನೆಯದಾದ ತಕ್ಷಣ ಅವರೇ ‘ಕ್ಯಾಂಪ್ ಯಾವಾಗ್ರೀ?’ ಅಂತ ಕೇಳಿಕೊಂಡು ಬರುತ್ತಿದ್ದರು.

ಮೊದಲು ಸಾವು ಇಳಿಯುತ್ತದೆ. ಹುಟ್ಟು ಇಳಿಯೋದು ಆಮೇಲೆ, ಒಂದು ತಲೆಮಾರು ಕಳೆದು. ಈ ನಡುವಿನ ಕಾಲದಲ್ಲಿ ಜನಸಂಖ್ಯೆ ಏರಿಬಿಡುತ್ತದೆ. ನಿಮ್ಮ ಮಲೆನಾಡಿನ ಚಳಿಜ್ವರದ ಕಥೆ ಹಿರಿಯರನ್ನು ಕೇಳಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, ಗೋಡೆಗೋಡೆಗೆ ಡಿಡಿಟಿ ಹೊಡೆದರು, ಜನ ಉಳಿದರು.

ಇನ್ನೊಂದು ತಮಾಷೆ ಕೇಳಿ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಜಗತ್ತಿನಲ್ಲಿ ಸರ್ಕಾರವೇ ಅಂಥದ್ದು ಮಾಡಿದ್ದು ಅದೇ ಮೊದಲು ಅನ್ನುತ್ತಾರೆ. ಆದರೆ 1971ರಿಂದ 1981ರ ನಡುವೆ ಕರ್ನಾಟಕದ ಜನಸಂಖ್ಯೆ ನೂರಕ್ಕೆ 26ಕ್ಕಿಂತ ಜಾಸ್ತಿ ಬೆಳೆಯಿತು! ಕ್ಲಿನಿಕ್ ಬಾಗಿಲು ತೆರೆದಿಟ್ಟರೆ ಸಾಲದು. ಮಗು ಉಳಿಯುತ್ತದೆ ಅನ್ನುವ ಧೈರ್ಯ ಬೇಕು, ಹುಡುಗಿ ಹೈಸ್ಕೂಲು ಮುಗಿಸಬೇಕು, ಮದುವೆ ಸ್ವಲ್ಪ ತಡವಾಗಬೇಕು. ಕೇರಳ ಶ್ರೀಮಂತವಾಗುವ ಮೊದಲೇ ಅಲ್ಲಿ ಹೆರಿಗೆ ಇಳಿದಿತ್ತು. ಹೆಣ್ಣುಮಕ್ಕಳು ಓದಿದ್ದರು, ಅಷ್ಟೇ. ಬಾಂಗ್ಲಾದೇಶವೂ ಬಡತನದಲ್ಲೇ ಒಬ್ಬ ಹೆಂಗಸಿಗೆ ಆರು ಮಕ್ಕಳಿಂದ ಎರಡರ ಹತ್ತಿರಕ್ಕೆ ಇಳಿಯಿತು.

ಇದನ್ನೂ ಬರೆದುಬಿಡುತ್ತೇನೆ. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಅಂತ ಗೋಡೆ ಮೇಲೆ ಬರೆದಿದ್ದು ಇಬ್ಬರಿಗೂ. ಹೊಟ್ಟೆ ಕೊಯ್ಯಿಸಿಕೊಂಡಿದ್ದು ಮಾತ್ರ ಹೆಂಗಸರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಆಪರೇಶನ್ ಆಗಿದೆ. ಗಂಡಸರದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಐದು ನಿಮಿಷದ ಕೆಲಸ ಅಂದರೂ ‘ಗೇಯೋರು ಯಾರ್ರೀ ಆಮ್ಯಾಗ?’ ಅಂತ ಅತ್ತೆಯೇ ಅಡ್ಡ ಬರುತ್ತಿದ್ದಳು.

ಲೆಕ್ಕದ ಮೇಷ್ಟ್ರು

ನರ್ಸಮ್ಮ ಹೇಳಿದ್ದು ಸರಿ. ಶೀರ್ಷಿಕೆಯ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತೇನೆ.

ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೆ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳು ಬೇಕು. ಕರ್ನಾಟಕದಲ್ಲಿ 1992–93ರಲ್ಲಿ 2.9 ಇತ್ತು, 2019–21ರ ಹೊತ್ತಿಗೆ 1.7. ಆದರೂ ಜನಸಂಖ್ಯೆ ಏಕೆ ಇಳಿದಿಲ್ಲ? ಹಿಂದೆ ಜಾಸ್ತಿ ಹುಟ್ಟಿದವರು ಈಗ ಅಪ್ಪ ಅಮ್ಮ ಆಗುವ ವಯಸ್ಸಿಗೆ ಬಂದಿದ್ದಾರೆ. ಒಬ್ಬೊಬ್ಬರು ಹೆರೋದು ಕಡಿಮೆ, ಆದರೆ ಹೆರುವವರೇ ಜಾಸ್ತಿ. ಸಾಯುವ ವಯಸ್ಸಿನವರು ಇನ್ನೂ ಕಡಿಮೆ, ಅವರೂ ಮೊದಲಿಗಿಂತ ಜಾಸ್ತಿ ದಿನ ಬದುಕುತ್ತಾರೆ. ಚೀನಾ ನೋಡಿ, 1990ರ ದಶಕದ ಶುರುವಿಗೇ ಅಲ್ಲಿ 2.1ಕ್ಕಿಂತ ಕೆಳಗಾಗಿತ್ತು. ಜನಸಂಖ್ಯೆ ನಿಜವಾಗಿ ಇಳಿಯಲು ಶುರುವಾಗಿದ್ದು 2022ರಲ್ಲಿ. ನಮಗೂ ಟೈಮ್ ಇದೆ.

ಚಿಕ್ಕಮಗಳೂರು ಬೇಗ ಇಳಿದಿದ್ದಕ್ಕೆ ಹೆರಿಗೆ ಒಂದೇ ಕಾರಣ ಅಲ್ಲ. ನಿಮ್ಮ ಕಡೆಯ ಹುಡುಗರೆಲ್ಲ ಬೆಂಗಳೂರಿನ ಲೆಕ್ಕದಲ್ಲಿ ಸೇರಿಕೊಂಡಿದ್ದಾರೆ. ಅದೇ 2011ರ ಗಣತಿಯಲ್ಲಿ ಯಾದಗಿರಿ ಜಿಲ್ಲೆ ನೂರಕ್ಕೆ ಸುಮಾರು 23ರಷ್ಟು ಬೆಳೆದಿತ್ತು. ಒಂದೇ ರಾಜ್ಯದೊಳಗೆ ಎರಡು ಕಾಲ.

ಸಿಯೋಲ್ ಸೊಸೆ

ದುಡ್ಡಿನ ಪ್ರಶ್ನೆಗೆ ನಾನು ಬರುತ್ತೇನೆ. ಗಂಡನ ಕೆಲಸದಿಂದಾಗಿ ದಕ್ಷಿಣ ಕೊರಿಯಾದಲ್ಲಿದ್ದೇವೆ. 1960ರಲ್ಲಿ ಇಲ್ಲಿ ಒಬ್ಬ ಹೆಂಗಸಿಗೆ ಸುಮಾರು ಆರು ಮಕ್ಕಳು. 2023ರಲ್ಲಿ 0.72! ಒಂದು ಕಾಲದಲ್ಲಿ ಕಡಿಮೆ ಹೆರಿ ಅಂತ ಪ್ರಚಾರ ಮಾಡಿದ ಸರ್ಕಾರವೇ ಈಗ ಹೆತ್ತರೆ ದುಡ್ಡು ಕೊಡುತ್ತಿದೆ. ಯಾರೂ ಕೇಳುತ್ತಿಲ್ಲ.

ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಮಕ್ಕಳ ಗಾಡಿ ಬಂತು ಅಂತ ಬಗ್ಗಿ ನೋಡಿದರೆ ಒಳಗೆ ನಾಯಿ ಇರುತ್ತದೆ, ಸ್ವೆಟರ್ ಹಾಕಿಕೊಂಡು. ಪಕ್ಕದ ಮನೆಯಾಕೆ ನನ್ನ ವಯಸ್ಸಿನವಳು, ಒಳ್ಳೆ ಕೆಲಸ. ಮಗು ಬೇಡ ಅಂತಿಲ್ಲ ಅವಳಿಗೆ. ಆದರೆ ಮನೆ ಬೆಲೆ, ಸ್ಕೂಲ್ ಆದಮೇಲೆ ರಾತ್ರಿವರೆಗೆ ಟ್ಯೂಷನ್ ಫೀಸು, ಹೆತ್ತರೆ ಕೆಲಸದಲ್ಲಿ ಹಿಂದೆ ಬೀಳುವ ಭಯ. ಗಂಡ ಮನೆಗೆ ಬರೋದು ರಾತ್ರಿ. ಸರ್ಕಾರ ಕೊಡುವ ದುಡ್ಡು ಇದರಲ್ಲಿ ಯಾವುದಕ್ಕೆ ಸಾಕು, ಹೇಳಿ? ಬೆಂಗಳೂರಿನ ನನ್ನ ಫ್ರೆಂಡ್ಸ್ ಹೇಳುವ ಕಾರಣಗಳೂ ಹೆಚ್ಚುಕಮ್ಮಿ ಇವೇ. ಅಲ್ಲಿ ಅತ್ತೆಯೋ ಅಮ್ಮನೋ ಮಗು ನೋಡಿಕೊಳ್ಳುತ್ತಾರೆ, ಅದೊಂದೇ ವ್ಯತ್ಯಾಸ.

ಕೊಪ್ಪದ ಅಡಿಕೆ

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಇನ್ನೊಂದು ಡೌಟು. ನಮ್ಮ ಕಡೆ ಕಾಫಿ ಎಸ್ಟೇಟಿನ ಕೂಲಿಯವರಿಗೆ ಕಟ್ಟಿದ ಲೈನ್‌ಮನೆಗಳಲ್ಲಿ ಈಗ ಅಸ್ಸಾಂ ಕಡೆಯವರು ಸಂಸಾರ ಸಮೇತ ಇದ್ದಾರೆ. ಅಂಗನವಾಡಿಗೆ ಅವರ ಮಕ್ಕಳೂ ಬರುತ್ತವೆ. 2027ರ ಗಣತಿಯಲ್ಲಿ ಇವರು ಅಸ್ಸಾಂ ಲೆಕ್ಕವೋ ನಮ್ಮ ಲೆಕ್ಕವೋ?

ನಿವೃತ್ತ ನರ್ಸಮ್ಮ

ನಿಮ್ಮ ಲೆಕ್ಕ. ಸಾಮಾನ್ಯವಾಗಿ ಎಲ್ಲಿ ವಾಸ ಇರುತ್ತಾರೋ ಅಲ್ಲೇ ಬರೆದುಕೊಳ್ಳೋದು. ಗಣತಿಗೆ ಬರುವ ಮೇಷ್ಟ್ರಿಗೆ ಆ ಲೈನ್‌ಮನೆಗಳ ದಾರಿ ತೋರಿಸಿ, ಮತ್ತೆ ಹಿಂದಿ ಬರುವ ಒಬ್ಬರನ್ನು ಜೊತೆಗೆ ಕಳಿಸಿ. ಮಕ್ಕಳ ಲಸಿಕೆ ಕಾರ್ಡು ಇದೆಯಾ ಅಂತಲೂ ಸ್ವಲ್ಪ ಕೇಳಿ ನೋಡಿ. ಊರು ಬದಲಾಯಿಸುವಾಗ ಅದನ್ನೇ ಮೊದಲು ಕಳೆದುಕೊಳ್ಳುತ್ತಾರೆ.