ಜಿಯಾಲಜಿ ಕ್ಲಾಸಿನಲ್ಲಿ ಪರಿಸರ ನ್ಯಾಯ: ನೀವು ಹೇಗೆ ಕಲಿಸುತ್ತೀರಿ?

ಪ್ರಶ್ನೆ (ತುಮಕೂರು ಕಡೆಯ ಲೆಕ್ಚರರ್):
ಬಿಎಸ್ಸಿ ಎರಡನೇ ವರ್ಷಕ್ಕೆ ಅಂತರ್ಜಲ ಮತ್ತು ಗಣಿಗಾರಿಕೆ ನನ್ನ ಪಾಲಿನ ಪಾಠ. ಮಾಲಿನ್ಯ ಹೇಗಾಗುತ್ತದೆ ಅಂತ ಹೇಳುತ್ತೇನೆ. ಅದರ ಪೆಟ್ಟು ಯಾರ ಮೇಲೆ ಬೀಳುತ್ತದೆ, ಲಾಭ ಯಾರ ಮನೆಗೆ ಹೋಗುತ್ತದೆ ಅನ್ನೋದನ್ನೂ ಈ ಸಲ ಸೇರಿಸಬೇಕು ಅಂತಿದ್ದೇನೆ. ಕೊನೆಯ ವಾರ ಪ್ರತ್ಯೇಕ ಲೆಕ್ಚರ್ ಇಟ್ಟುಕೊಳ್ಳಲೇ? "ಸರ್, ಇದು ಜಿಯಾಲಜಿನಾ, ರಾಜಕೀಯಾನಾ?" ಅಂತ ಹುಡುಗರು ಕೇಳಿದರೆ ಏನು ಹೇಳೋದು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಕೋಲಾರದಿಂದ:
ಪ್ರತ್ಯೇಕ ಲೆಕ್ಚರ್ ಖಂಡಿತ ಬೇಡ ಸರ್. ಕೊನೆಯ ವಾರ ಅಂದರೆ ಅರ್ಧ ಕ್ಲಾಸ್ ಖಾಲಿ, ಬಂದವರ ಗಮನ ಪರೀಕ್ಷೆ ಮೇಲೆ. ನೀರಿನಲ್ಲಿ ಫ್ಲೋರೈಡ್ (ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವಂಥದ್ದು) ಅಳೆಯುವ ಪ್ರಾಕ್ಟಿಕಲ್ ಒಳಗೇ ಇದನ್ನು ಸೇರಿಸಿಬಿಟ್ಟಿದ್ದೇನೆ.

ಪ್ರತಿಯೊಬ್ಬರೂ ಊರಿನ ಬೋರ್‌ವೆಲ್ ನೀರು ಒಂದು ಬಾಟಲಿ ತರಬೇಕು. ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜಿನ ಜೊತೆ ಫ್ಲೋರೈಡ್ ವರ್ತಿಸುತ್ತದೆ. ಬಾಟಲಿ ಮೇಲಿನ ಚೀಟಿಯಲ್ಲಿ ಮೂರು ವಿಷಯ ಇರಬೇಕು: ಬೋರ್ ಎಷ್ಟು ಅಡಿ, ಕೊರೆಸಿದವರು ಯಾರು, ನಿಮ್ಮ ಮನೆಯಲ್ಲಿ ಕುಡಿಯೋದು ಯಾವ ನೀರು. ಸ್ಪಾಡ್ನ್ಸ್ (SPADNS) ಅನ್ನೋ ಕೆಂಪು ಬಣ್ಣದ ದ್ರಾವಣ ಹಾಕಿ ಪರೀಕ್ಷೆ ಮಾಡುತ್ತೇವೆ. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಕೆಂಪು ಬಣ್ಣ ತೆಳುವಾಗುತ್ತದೆ. ಟ್ಯೂಬ್‌ಗಳನ್ನು ಬಿಳಿ ಹಾಳೆ ಮುಂದೆ ಸಾಲಾಗಿ ನಿಲ್ಲಿಸಿದರೆ ಮೀಟರ್ ನೋಡುವ ಮೊದಲೇ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ, ತಮ್ಮೂರು ಎಲ್ಲಿದೆ ಅಂತ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5. ಈ ಎರಡು ಗೆರೆ ಬೋರ್ಡ್ ಮೇಲೆ ಮೊದಲೇ ಎಳೆದಿರುತ್ತೇನೆ.

ಆಮೇಲೆ ಆಳ ಮತ್ತು ಫ್ಲೋರೈಡ್ ಗ್ರಾಫ್. ಅದು ನೆಟ್ಟಗೆ ಬರಲ್ಲ, ಬರದಿದ್ದರೇ ಒಳ್ಳೆಯದು. ಯಾಕೆ ಅಂತ ಕೇಳಿದಾಗಲೇ ಗ್ರಾನೈಟು, ನೈಸು (gneiss) ಬಂಡೆ, ಅದರೊಳಗಿನ ಫ್ಲೋರೈಡ್ ಇರುವ ಖನಿಜಗಳಾದ ಫ್ಲೋರೈಟ್, ಅಪಟೈಟ್, ಬಯೊಟೈಟ್ ಎಲ್ಲ ಬರೋದು. ನೀರು ಕಲ್ಲಿನೊಳಗೆ ಎಷ್ಟು ಕಾಲ ನಿಂತಿತ್ತು, ಕ್ಯಾಲ್ಸಿಯಂ ಯಾಕೆ ಕಡಿಮೆ, ಬೈಕಾರ್ಬನೇಟ್ ಯಾಕೆ ಜಾಸ್ತಿ ಅನ್ನೋ ಚರ್ಚೆ ತಾನಾಗಿ ಶುರುವಾಗುತ್ತದೆ. ಇಷ್ಟೂ ಸಿಲಬಸ್‌ನಲ್ಲಿ ಇರೋದೇ.

ನಂತರ ಚೀಟಿಯ ಉಳಿದ ಎರಡು ಸಾಲು ಓದಿಸುತ್ತೇನೆ. ಒಂದೇ ಊರು, ಒಂದೇ ಬೋರು. ಒಬ್ಬರ ಮನೆಯಲ್ಲಿ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಇದೆ. ಇನ್ನೊಬ್ಬರು ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಾರೆ. ಘಟಕ ಕೆಟ್ಟು ನಿಂತ ದಿನ ಮೂರನೆಯವರು ಬೋರ್ ನೀರನ್ನೇ ಕುಡಿಯುತ್ತಾರೆ. ಸಾವಿರ ಅಡಿ ದಾಟಿ ಕೊರೆಸಲು ಯಾರ ಕೈಲಿ ದುಡ್ಡಿತ್ತು, ಯಾರ ಬಾವಿ ಮೊದಲು ಬತ್ತಿತು, ಬೋರ್ ಫೇಲ್ ಆದ ಮೇಲೆ ಸಾಲ ಯಾರ ತಲೆಗೆ ಬಂತು? ನಾನು ಒಂದೂ ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ನಾನು ಕೇಳೋದು ಒಂದೇ ಪ್ರಶ್ನೆ: ಆರ್‌ಒ ಹೊರಗೆ ಬಿಟ್ಟ ನೀರಿನಲ್ಲಿರುವ ಫ್ಲೋರೈಡ್ ಎಲ್ಲಿಗೆ ಹೋಯಿತು? ಕ್ಲಾಸ್ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಆಮೇಲೆ ಯಾರೋ ಒಬ್ಬರು "ಚರಂಡಿಗೆ, ಮತ್ತೆ ಭೂಮಿಗೆ" ಅನ್ನುತ್ತಾರೆ.

ಸಮಯ ಸಿಕ್ಕರೆ ಕೆಸಿ ವ್ಯಾಲಿಗೆ ಹೋಗುತ್ತೇನೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರಲ್ಲ, ದಿನಕ್ಕೆ 44 ಕೋಟಿ ಲೀಟರ್ ಯೋಜನೆ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿ ಕೋರ್ಟಿಗೆ ಹೋಗಿತ್ತು. ಕೆರೆ ಪಕ್ಕದ ಜಮೀನಿನ ಹುಡುಗ "ನಮ್ಮ ಬೋರಲ್ಲಿ ನೀರು ಬಂತು, ಸಾಕು" ಅನ್ನುತ್ತಾನೆ. "ಅವರು ಬಳಸಿ ಬಿಟ್ಟಿದ್ದು ನಮಗ್ಯಾಕೆ?" ಅಂತ ಅವನ ಪಕ್ಕದವಳು. ಇಬ್ಬರದ್ದೂ ಸುಳ್ಳಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮುಚ್ಚಿಡಲ್ಲ: ಮೂರನೇ ಹಂತ ಬೇಕೇ ಬೇಕು.

ಸಂಡೂರು ಕಡೆಯಿಂದ:
ಕೋಲಾರದ ಮೇಡಂ ಹೇಳಿದ್ದು ಸರಿ. ನಮ್ಮಲ್ಲಿ ಇನ್ನೊಂದು ಎಚ್ಚರ ಬೇಕು. ಕ್ಲಾಸಿನ ಬಹುಪಾಲು ಮಕ್ಕಳ ಮನೆ ನಡೆಯೋದು ಗಣಿಯಿಂದ. ಒಬ್ಬನ ಅಪ್ಪ ಲಾರಿ ಡ್ರೈವರ್, ಇನ್ನೊಬ್ಬಳ ಮಾವನಿಗೆ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಕೆಲಸ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕೆಂಪು ಧೂಳೂ ನಿಂತಿತು, ಮನೆಗೆ ಬರುವ ಸಂಬಳವೂ ನಿಂತಿತು. ಇದನ್ನೆಲ್ಲ ಮನೆಯಲ್ಲಿ ಕೇಳಿ ಬೆಳೆದವರ ಮುಂದೆ ಗಣಿ ಅಂದರೆ ರಾಕ್ಷಸ ಅಂತ ಶುರುಮಾಡಿದರೆ ಬಾಗಿಲು ಅಲ್ಲೇ ಮುಚ್ಚಿಹೋಗುತ್ತದೆ.

ನಾನು ಕಾಗದದಿಂದ ಶುರುಮಾಡುತ್ತೇನೆ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ದೊಡ್ಡ ಗಣಿಗೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಆ ಕನ್ನಡ ಸಾರಾಂಶವನ್ನೂ ಪೂರ್ತಿ ವರದಿಯ ಭೂವಿಜ್ಞಾನ ಅಧ್ಯಾಯವನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ಟೋಪೋಶೀಟ್ (ಎತ್ತರ, ಇಳಿಜಾರು ತೋರಿಸುವ ನಕ್ಷೆ) ಮೇಲೆ ಹಳ್ಳ ಗುರುತಿಸಿ, ಗಾಳಿಯ ದಿಕ್ಕು ಎಳೆಯಲಿ. ಅದಿರು ಬೆಟ್ಟದ ತಲೆ ಮೇಲೆ, ಊರು ಕಣಿವೆಯಲ್ಲಿ. ಮಳೆಗೆ ಕೊಚ್ಚಿದ ಮಣ್ಣು ಯಾರ ಹೊಲದಲ್ಲಿ ಇಳಿಯುತ್ತದೆ ಅಂತ ಇಳಿಜಾರೇ ಹೇಳುತ್ತದೆ. ಆಮೇಲೆ ಸಭೆಯ ನಡಾವಳಿ ಓದಲಿ. ಆ ಹೊಲದವರು ಮಾತಾಡಿದ್ದಾರಾ?

ಡಿಎಂಎಫ್ (ಜಿಲ್ಲಾ ಖನಿಜ ಪ್ರತಿಷ್ಠಾನ) ದುಡ್ಡಿನ ಲೆಕ್ಕವೂ ಒಳ್ಳೆಯ ಹೋಂವರ್ಕ್. ಗಣಿ ಕಾಯ್ದೆಯ 2015ರ ತಿದ್ದುಪಡಿಯ ನಂತರ ಬಂದದ್ದು. ಹಳೆಯ ಲೀಸ್‌ನವರು ರಾಯಲ್ಟಿಯ ಶೇ 30, ಹರಾಜಿನಲ್ಲಿ ಪಡೆದವರು ಶೇ 10 ಕಟ್ಟಬೇಕು, ಗಣಿಬಾಧಿತ ಪ್ರದೇಶಕ್ಕೆ ಅಂತ. ಯಾವ ಊರಲ್ಲಿ ಯಾವ ಕಾಮಗಾರಿ ಆಯಿತು ಅಂತ ಅದೇ ನಕ್ಷೆ ಮೇಲೆ ಚುಕ್ಕಿ ಇಡಿಸಿ.

ರೋಲ್ ಪ್ಲೇ ಬಗ್ಗೆ ಯಾರಾದರೂ ಹೇಳುತ್ತಾರೆ. ನನಗೆ ಇಷ್ಟ ಇಲ್ಲ. ಎಲ್ಲರೂ ಟಿವಿ ಚರ್ಚೆ ಥರ ಕಿರುಚಾಡುತ್ತಾರೆ, ಬಂಡೆ ಮರೆತೇಹೋಗುತ್ತದೆ.

ಕೆಜಿಎಫ್‌ನವನು:
ನಮ್ಮ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು (ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ರಾಶಿ) ಬಿಟ್ಟುಬಿಟ್ಟಿರಲ್ಲ! ಶಿವನಸಮುದ್ರದ ಕರೆಂಟು ಗಣಿಗೆ ಬಂದದ್ದು 1902ರಲ್ಲಿ, ಬೆಂಗಳೂರಿಗಿಂತ ಮೊದಲು. ಗಣಿ ಮುಚ್ಚಿದ್ದು 2001ರಲ್ಲಿ. ಚಿನ್ನ ಹೋಯಿತು, ಅರೆದ ಪುಡಿ ನಮ್ಮ ಪಾಲಿಗೆ ಉಳಿಯಿತು. ಗಾಳಿ ಬೀಸಿದರೆ ಒಣಹಾಕಿದ ಬಟ್ಟೆ ಮೇಲೆಲ್ಲ ಅದೇ. 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿದೆ. ಟೇಲಿಂಗ್ಸ್ (ಇಂಥ ಅರೆದು ಉಳಿದ ಪುಡಿ) ಪಾಠ ಮಾಡುವಾಗ ಇದನ್ನೇ ಕೇಳಿ: ಈ ಸಲ ಗಣಿ ಕಾರ್ಮಿಕರ ಲೈನ್ ಮನೆಗಳವರಿಗೆ ಏನು ಸಿಗುತ್ತದೆ?

ಅಮೆರಿಕದ ಮಿಷಿಗನ್‌ನಿಂದ:
ನಾನಿಲ್ಲಿ ಲ್ಯಾಬ್ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಫ್ಲಿಂಟ್ ಊರಿನದ್ದನ್ನು ನೀರಿನ ರಸಾಯನದ ಪಾಠವಾಗಿಯೇ ಕಲಿಸುತ್ತೇವೆ. 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸಲು ಅಂತ ಡೆಟ್ರಾಯಿಟ್ ನೀರು ಬಿಟ್ಟು ಫ್ಲಿಂಟ್ ನದಿ ನೀರು ಕೊಟ್ಟರು. ಅದರಲ್ಲಿ ಕ್ಲೋರೈಡ್ ಜಾಸ್ತಿ, ತುಕ್ಕು ತಡೆಯುವ ಫಾಸ್ಫೇಟ್ ಹಾಕಲಿಲ್ಲ. ಹಳೆಯ ಪೈಪಿನ ಸೀಸ ನಲ್ಲಿಗೆ ಇಳಿಯಿತು. ಅದೇ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್‌ನ ಎಂಜಿನ್ ಕಾರ್ಖಾನೆ, ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತಿದೆ ಅಂತ ಬೇರೆ ನೀರಿಗೆ ಬದಲಾಯಿತು. ಮನೆಗಳಿಗೆ ಹಳೆಯ ನೀರು ವಾಪಸ್ ಸಿಕ್ಕಿದ್ದು 2015ರ ಅಕ್ಟೋಬರ್‌ನಲ್ಲಿ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ, ಬಡವರೂ ಬಹಳ. ಕಾರ್ಖಾನೆಗೆ ನೀರು ಬದಲಾದದ್ದು, ಮನೆಗಳಿಗೆ ಬದಲಾದದ್ದು, ಈ ಎರಡು ದಿನಾಂಕ ಬೋರ್ಡ್ ಮೇಲೆ ಬರೆದರೆ ಸಾಕು, ಭಾಷಣ ಬೇಕಾಗಲ್ಲ.

ನಿವೃತ್ತ ಪ್ರೊಫೆಸರ್, ಧಾರವಾಡ:
ಎಲ್ಲಾ ಛಲೋ ಐತ್ರಿ. ಆದ್ರ ಖನಿಜ ಗುರುತಿಸಾಕ ಬರದ ಹುಡುಗರು ನ್ಯಾಯ ಮಾತಾಡಿದ್ರ ಏನ್ ಬಂತು? ಮೊದಲ ಪಾಠ ಮುಗಸ್ರಿ.

ಮತ್ತೆ ಕೋಲಾರದಿಂದ:
ಸರ್, ಒಪ್ಪುತ್ತೇನೆ. ಅದಕ್ಕೇ ಇದನ್ನು ಪ್ರಾಕ್ಟಿಕಲ್ ಒಳಗೇ ಇಟ್ಟಿರೋದು. ಮಾಪನ ಸರಿ ಇಲ್ಲದ ರಿಪೋರ್ಟಿಗೆ, ಎಷ್ಟೇ ಆವೇಶದಿಂದ ಬರೆದಿದ್ದರೂ, ನಾನು ಅಂಕ ಕೊಡಲ್ಲ.

ತುಮಕೂರಿನ ಸರ್ ಕೇಳಿದ "ರಾಜಕೀಯಾನಾ?" ಅನ್ನೋ ಪ್ರಶ್ನೆಗೆ ನಾನು ಹೇಳೋದು ಇಷ್ಟೇ: ಫ್ಲೋರೈಡ್ ಎಷ್ಟಿದೆ ಅನ್ನೋದು ಜಿಯಾಲಜಿ, ಅದನ್ನು ಯಾರು ಕುಡಿಯುತ್ತಿದ್ದಾರೆ ಅನ್ನೋದನ್ನೂ ಅಳೆಯಬಹುದು, ಏನು ಮಾಡಬೇಕು ಅನ್ನೋದು ನೀವು ವೋಟು ಹಾಕುವಾಗ ನೋಡಿಕೊಳ್ಳಿ. ಇಂಟರ್ನಲ್ ಅಂಕ ಸೇರಿಸೋದು ಮರೆಯಬೇಡಿ. ಅಂಕ ಇಲ್ಲದಿದ್ದರೆ ಬಾಟಲಿ ಬರಲ್ಲ. ರಿಪೋರ್ಟ್ ಕನ್ನಡದಲ್ಲಿ ಬರೆಯಲು ಬಿಡಿ, ಪಂಚಾಯ್ತಿಗೂ ಒಂದು ಪ್ರತಿ ಕೊಡಬಹುದು. ಫ್ಲೋರೈಡ್ ನೀರಿಗೆ ಹೆಸರಾದ ಪಾವಗಡ ನಿಮ್ಮ ಜಿಲ್ಲೆಯಲ್ಲೇ ಇದೆ, ಸ್ಯಾಂಪಲ್‌ಗೆ ದೂರ ಹೋಗಬೇಕಿಲ್ಲ.